ಐವತ್ತು ಕಾರ್ಡುಗಳ ಪಾಂಡಿತ್ಯ

ತಿಪಟೂರು,
ಫೆಬ್ರವರಿ ಮೂವತ್ತು, ೨೧೫೭

ಪೂಜ್ಯ ಮುತ್ತಜ್ಜಿಯವರಿಗೆ, ತಮ್ಮ ನಾಲ್ಕನೆಯ ತಲೆಮಾರಿನ ಕುಡಿ ನರಹರಿಯ ಸಾಷ್ಟಾಂಗ ನಮಸ್ಕಾರಗಳು. ತಮಗೀಗ ಇಪ್ಪತ್ತೊಂಬತ್ತೇ ವರ್ಷ; ಎಪ್ಪತ್ತು ದಾಟಿದ ನಾನು ಮುತ್ತಜ್ಜಿ ಎಂದು ಕರೆದದ್ದಕ್ಕೆ ಕ್ಷಮೆಯಿರಲಿ. ತಾರೀಖು ನೋಡಿ ಗಾಬರಿಯಾಗಬೇಡಿ. ಶಿಶುಗಳ ಪರೀಕ್ಷಾ ತಯಾರಿಗೆ ದಿನ ಸಾಲದೆಂದು ನಮ್ಮ ಸರ್ಕಾರ ಫೆಬ್ರವರಿಗೆ ಎರಡು ದಿನ ಸೇರಿಸಿದೆ. ಕೆಲವು ಪದಗಳೂ ವಿಚಿತ್ರವಾಗಿ ಕಂಡಾವು. ಅರ್ಥ ಹೇಳುತ್ತಾ ಹೋಗುತ್ತೇನೆ.

ತಾವು ಈ ವಾರ ಹತ್ತು ತಿಂಗಳ ಮಗಳಿಗೆಂದು ‘ಎರಡರೊಳಗೆ ಓದು’ ಎಂಬ ಡಬ್ಬಿ ತರಿಸಿದ್ದೀರಿ. ಒಂದೊಂದು ಪದ ಬರೆದ ಐವತ್ತು ಕಾರ್ಡು, ದಿನಕ್ಕೆ ಮೂರು ಹೊತ್ತು ತೋರಿಸಬೇಕು. ಆ ಡಬ್ಬಿಯೇ ಈಗ ನಮ್ಮ ಇಡೀ ವಿದ್ಯಾಭ್ಯಾಸ. ಸೀಮಂತದ ದಿನವೇ ಬಸುರಿಯ ಹೊಟ್ಟೆಯ ಮೇಲೆ ಅಕ್ಷರಾಭ್ಯಾಸ ಮಾಡಿಸುತ್ತೇವೆ. ಮಗು ಹಸಿದು ಅತ್ತರೆ ಹಾಲಿಲ್ಲ. ‘ಹಾಲು’ ಕಾರ್ಡು ಮುಟ್ಟಿದರೆ ಹಾಲು. ಮುಟ್ಟದ ಮಗುವನ್ನು ‘ಮೌನಪಾಲನೆ’ಗೆ ಹಾಕುತ್ತಾರೆ, ಅಂದರೆ ಮನೆಯಲ್ಲಿ ಯಾರೂ ಅದರೊಡನೆ ಮಾತಾಡುವಂತಿಲ್ಲ. ಹೀಗಾಗಿ ಊರು ಬಹಳ ಪ್ರಶಾಂತವಾಗಿದೆ. ಎರಡು ವರ್ಷ ತುಂಬುವುದರೊಳಗೆ ಪಾಸಾದವರು ‘ಪೂರ್ಣಪಾಠಿ’ಗಳು. ಅವರ ಓದು ಮುಗಿಯಿತು. ಆಮೇಲೆ ಒಂದಕ್ಷರ ಕಲಿಸಿದರೂ ಜೈಲು.

ನಾನು ‘ತಡಪಾಠಿ’. ಫೇಲಾಗಿ ಫೇಲಾಗಿ, ಯಾರಿಗೂ ಬೇಡವಾಗಿ, ಅಜ್ಜಿಯ ತೊಡೆಯ ಮೇಲೆ ಕಥೆ ಕೇಳಿಕೊಂಡು ಬಿದ್ದಿದ್ದು ಆರನೆಯ ವಯಸ್ಸಿಗೆ ಓದಲು ಕಲಿತವನು. ಫೇಲಾದ ಮಕ್ಕಳನ್ನು ಮನೆಯ ಮುದುಕರಿಗೆ ಒಪ್ಪಿಸಿಬಿಡುವುದು ಇಲ್ಲಿನ ಶಿಕ್ಷೆ. ಮೊಮ್ಮಗಳು ಇಂಚರಾ ಫೇಲಾಗಲಿ, ನನ್ನ ಪಾಲಿಗೆ ಬರಲಿ ಎಂದು ನಾನು ದೇವರಿಗೆ ಹರಕೆ ಹೊತ್ತಿದ್ದೆ.

ನಿನ್ನೆ ಇಂಚರಾಳ ಪರೀಕ್ಷೆಗೆ ಇನ್‌ಸ್ಪೆಕ್ಟರಮ್ಮ ಬಂದರು, ಅವರೂ ಪೂರ್ಣಪಾಠಿ. ಸೊಸೆ ನನ್ನನ್ನು ಅಡುಗೆಮನೆಗೆ ತಳ್ಳಿದಳು. “ಮಾವ, ಬಾಯಿ ಬಿಡ್ಬೇಡಿ. ನೀವು ಆರಕ್ಕೆ ಓದಿದ್ದು ಗೊತ್ತಾದ್ರೆ ನಮ್ ಮಾನ ಹೋಗತ್ತೆ.”

ಮಗು ಹೆದರಬಾರದೆಂದು ಮನೆಯ ಕಾರ್ಡುಗಳಲ್ಲೇ ಪರೀಕ್ಷೆ. ಇಂಚರಾ ‘ಆನೆ’ಗೆ ಆನೆ ಎಂದಳು, ‘ಚಂದ್ರ’ಕ್ಕೆ ಚಂದ್ರ ಎಂದಳು. ಓದಿದ್ದಲ್ಲ ಮುತ್ತಜ್ಜಿ, ಕಾರ್ಡಿನ ಗುರುತು ಹಿಡಿದದ್ದು. ಆನೆಯ ಕಾರ್ಡಿಗೆ ರಾಗಿಸರಿ ಮೆತ್ತಿದೆ. ಚಂದ್ರನ ಮೂಲೆಯನ್ನು ಅವಳೇ ಕಚ್ಚಿದ್ದಾಳೆ.

ತಡೆಯಲಾರದೆ ನಾನು ಬಿಳಿ ಹಾಳೆಯಲ್ಲಿ ‘ಆನೆ’ ಎಂದು ಬರೆದು ತಂದು ಹಿಡಿದೆ. ಮಗು ಅದನ್ನು ಬಾಯಿಗಿಟ್ಟುಕೊಂಡಿತು. ಗೆದ್ದೆ ಅಂದುಕೊಂಡೆ. ಇನ್‌ಸ್ಪೆಕ್ಟರಮ್ಮ ಹಾಳೆಯನ್ನು ಬಿಡಿಸಿಕೊಂಡು, ಅಡ್ಡ ಹಿಡಿದು, ಉದ್ದ ಹಿಡಿದು ನೋಡಿದರು.

“ಇದ್ಯಾವ ಭಾಷೆ ತಾತ? ನಮ್ ಡಬ್ಬೀಲಿಲ್ವಲ್ಲ.”

ಪಾಸು. ಸೊಸೆ ಬೀದಿಗೆಲ್ಲ ಪೇಡ ಹಂಚಿದಳು. ಇಂಚರಾಗೆಂದು ನಾನು ಬರೆದಿಟ್ಟಿದ್ದ ಕಥೆಗಳು ಇವತ್ತು ಬೆಳಿಗ್ಗೆ ನೀರೊಲೆ ಸೇರಿದವು. ನೀರು ಚೆನ್ನಾಗಿ ಕಾದಿತ್ತು.

ಆದ್ದರಿಂದ ತಮ್ಮಲ್ಲಿ ಬಿನ್ನಹ. ಡಬ್ಬಿ ವಾಪಸು ಕಳಿಸಿ. ಪಕ್ಕದ ಮನೆಯ ಕೂಸು ಆಗಲೇ ಓದುತ್ತದಂತೆ ಎಂದು ಯಾರಾದರೂ ಅಂದರೆ ನಕ್ಕು, ಮಗಳನ್ನೆತ್ತಿಕೊಂಡು ಕಾಗೆ ತೋರಿಸಲು ಹೋಗಿ. ಇದನ್ನು ಮುಂದಿನವರಿಗೆ ಬರೆಯುವುದು ಬಿಟ್ಟು ಹಿಂದಿನವರಾದ ತಮಗೆ ಬರೆದದ್ದು ಅಭಿಮಾನದಿಂದಲ್ಲ. ಮುಂದೆ ಓದುವವರು ಯಾರೂ ಇಲ್ಲ.