ಒಪ್ಪಿದವರ ಕೈ

ಮಾರ್ಚ್ ೧೪, ಗುರುವಾರ

ಲಾರಿ ಮಾಲೀಕರ ಸಂಘದ ನಮ್ಮ ಶಾಖೆಯ ಸಭೆಗೆ ಹೋಗಿ ಬಂದೆ. ಬಾಡಿಗೆ ಸಿಗದೆ ಅರ್ಧದಷ್ಟು ಲಾರಿಗಳು ನಿಂತಲ್ಲೇ ನಿಂತಿವೆ. ಅಧ್ಯಕ್ಷರಿಗೆ ಮಾತ್ರ ಹೊಸ ಬ್ಯಾನರಿನಲ್ಲಿ ತಮ್ಮ ಫೋಟೊ ಚಿಕ್ಕದಾಯಿತೆಂಬ ಸಂಕಟ. ಅದಕ್ಕೇ ಅರ್ಧ ಗಂಟೆ ಹೋಯಿತು. ಆಮೇಲೆ "ಡ್ರೈವರುಗಳು ನಮ್ಮ ಮನೆಮಕ್ಕಳಿದ್ದ ಹಾಗೆ" ಎಂದು ಕಣ್ಣೊರೆಸಿಕೊಂಡವರು, ಅದೇ ಉಸಿರಿನಲ್ಲಿ ಐವತ್ತೈದು ದಾಟಿದವರನ್ನೆಲ್ಲ ಕೆಲಸದಿಂದ ತೆಗೆಯುವ ಠರಾವು ಮಂಡಿಸಿದರು. ಈ ಮನುಷ್ಯನಿಗೆ ಸ್ಟೇರಿಂಗ್ ಹಿಡಿಯಲು ಕಲಿಸಿದವನೇ ನನ್ನ ಲಾರಿ ಓಡಿಸುವ ಡ್ರೈವರಣ್ಣ. ಅವನಿಗೀಗ ಐವತ್ತೆಂಟು.

"ಬೇಡ ಅನ್ನೋರು ಯಾರಾದ್ರೂ ಇದ್ದೀರಾ?"

ಬಿಸ್ಕತ್ತು ಅಗಿಯುತ್ತಿದ್ದ ಖಜಾಂಚಿ ಕೈ ಎತ್ತಿದ.

"ಅದು ಬೇಡ ಅನ್ನೋರಿಗೆ ಕಣಯ್ಯಾ, ಇಳಿಸು!" ಎಂದರು ಅಧ್ಯಕ್ಷರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಒಪ್ಪಿದವರು ಯಾರೆಂದು ಕೇಳಿದಾಗ ಇಡೀ ಕುರಿಮಂದೆ ಕೈ ಎತ್ತಿತು. ಆ ಮಂದೆಯಲ್ಲಿ ನನ್ನ ಬಳೆಯ ಕೈಯೂ ಒಂದು.

ಡ್ರೈವರಣ್ಣ ಮೆಟ್ಟಿಲ ಕೆಳಗೆ ಕಾಯುತ್ತಿದ್ದ. ಮನೆಯವರೆಗೆ ತಂದು ಬಿಟ್ಟು ಕೇಳಿದ: "ಅಮ್ಮಾವ್ರೇ, ನಮ್ಮ ವಿಷ್ಯ ಏನಾದ್ರೂ ಬಂತಾ?"

"ಏನಿಲ್ಲಣ್ಣ. ನಾಳೆ ಸ್ವಲ್ಪ ಬೇಗ ಬಾ."

ಅಧ್ಯಕ್ಷರನ್ನು ಬೈದು ಇಷ್ಟೆಲ್ಲ ಬರೆದೆ. ಅವನಿಗೆ ಸುಳ್ಳು ಹೇಳುವಾಗ ನನ್ನ ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ. ನಾಳೆ ಅವನು ಬಂದು ನಿಂತಾಗ, ಲೆಕ್ಕ ಚುಕ್ತಾ ಮಾಡಿ ಲಾರಿಯ ಕೀಲಿ ವಾಪಸ್ ಕೇಳಬೇಕಾದ್ದೂ ಇದೇ ನಾಲಿಗೆ.