ನೀನು ಕಳಿಸಿದ ಡಾಟಾ ಕಾರ್ಡು

ಮಾನ್ವಿ
ಭಾನುವಾರ, ೭ ಡಿಸೆಂಬರ್ ೨೦೧೪

ನನ್ನ ನೌಶೀನ್,

ನಾನು ಬದುಕಿದ್ದೇನೆ. ಮೊದಲು ಇದನ್ನು ಬರೆದುಬಿಡುತ್ತೇನೆ, ಏಕೆಂದರೆ ಅವತ್ತು ಫೋನಿನಲ್ಲಿ ನೀನು ಕೊನೆಗೆ ಕೇಳಿದ್ದು ನನ್ನ ಚೀರಾಟ. ಆಮೇಲೆ ಎಷ್ಟು ಸಲ ಮುನ್ನೀ ಬೀಯ ನಂಬರಿಗೆ ಫೋನು ಹಚ್ಚಿದೆಯೋ ಏನೋ. ಆ ಫೋನು ಮೆಟ್ಟಿಲ ಮೇಲಿಂದ ಉರುಳಿ ಒಡೆದುಹೋಯಿತು. ನಾನೀಗ ಮಾನ್ವಿಯಲ್ಲಿ ಅವ್ವನ ಮನೆಯಲ್ಲಿದ್ದೇನೆ. ಎಡಗೈಗೆ ಪ್ಲಾಸ್ಟರ್ ಹಾಕಿದ್ದಾರೆ. ಬಲಗೈ ನೆಟ್ಟಗಿದೆ, ಅದರಿಂದಲೇ ಬರೆಯುತ್ತಿದ್ದೇನೆ. ಅವ್ವನ ಹತ್ತಿರ ಫೋನಿದೆ. ಆದರೆ ಇರುವುದು ಒಂದೇ ಕೋಣೆ, ಅವಳ ಎದುರಿಗೆ ಕೂತು ಹೇಳುವ ಮಾತಲ್ಲ ಇದು.

ನನ್ನ ಗಂಡನ ಬಗ್ಗೆ ನಿನಗೆ ಅರ್ಧ ಮಾತ್ರ ಗೊತ್ತು. ಉಳಿದರ್ಧ ಹೇಳಲು ನನಗೆ ನಾಚಿಕೆಯಾಗುತ್ತಿತ್ತು. ರಾಯಚೂರಿನಲ್ಲಿ ಬಿ.ಎಡ್. ಓದುವಾಗ ನಮ್ಮ ಬೆಂಚಿನಲ್ಲಿ ಹೆಚ್ಚು ಮಾತಾಡುತ್ತಿದ್ದವಳು ನಾನು. ಮದುವೆಯಾಗಿ ದೇವದುರ್ಗಕ್ಕೆ ಹೋದ ಮೇಲೆ ಫೋನಿನಲ್ಲಿ ಹ್ಞೂ ಹ್ಞೂ ಅನ್ನುವವಳಾದೆ. ನೀನು ಕೇಳುತ್ತಿದ್ದೆ, ನಾನು ಮಾತು ಮರೆಸುತ್ತಿದ್ದೆ.

ವಿನೋದ ಬೋರ್‌ವೆಲ್ ಕೊರೆಯುವ ಲಾರಿಯ ಉಸ್ತುವಾರಿ ನೋಡುತ್ತಾನೆ. ಊರೂರು ತಿರುಗಿ ವಾರಕ್ಕೊಮ್ಮೆ ಮನೆಗೆ ಬರುತ್ತಾನೆ. ಮೊದಮೊದಲು ಬೀಗರ ಮುಂದೆಲ್ಲ ನನ್ನ ಹೇಣ್ತಿ ಬಿ.ಎಡ್. ಮಾಡ್ಯಾಳ ಎಂದು ಎದೆಯುಬ್ಬಿಸುತ್ತಿದ್ದ. ನಾನು ಅಲ್ಲಿನ ಒಂದು ಖಾಸಗಿ ಶಾಲೆಗೆ ಹೋಗುತ್ತಿದ್ದೆನಲ್ಲ, ಒಂದು ಸಂಜೆ ಹೆಡ್‌ಮಾಸ್ತರರು ಪ್ರಶ್ನೆಪತ್ರಿಕೆಯ ವಿಷಯಕ್ಕೆ ಫೋನು ಮಾಡಿದರು. ಇವನು ಆಚೆ ಕಡೆಯ ಗಂಡಸು ದನಿ ಕೇಳಿದ. ಫೋನನ್ನು ಕಿತ್ತುಕೊಂಡು ಒಳಕಲ್ಲಿನೊಳಗೆ ಹಾಕಿ ಗುಂಡುಕಲ್ಲಿನಿಂದ ಕುಟ್ಟಿದ. ಆಮೇಲೆ ಅದೇ ಗುಂಡುಕಲ್ಲನ್ನು ನನ್ನ ಬಾಯಿಗೆ ಬೀಸಿದ. ಬಚ್ಚಲಲ್ಲಿ ಜಾರಿ ಬಿದ್ದು ಹಲ್ಲು ಹೋಯಿತು ಎಂದು ನಿನಗೆ ಹೇಳಿದ್ದು ಸುಳ್ಳು. ಶಾಲೆ ಅಲ್ಲಿಗೇ ಬಿಟ್ಟುಹೋಯಿತು. ಆ ಮೇಲೆ ಸಾರಿಗೆ ಉಪ್ಪು ಹೆಚ್ಚಾದರೂ ಹೊಡೆತ, ಬಾಗಿಲು ತೆಗೆಯಲು ತಡವಾದರೂ ಹೊಡೆತ. ಅವನ ಲಾರಿಯ ಹಾರ್ನ್ ಓಣಿಯಲ್ಲಿ ಕೇಳಿದರೆ ಕೈಯಲ್ಲಿದ್ದದ್ದನ್ನು ಬಿಟ್ಟು ಓಡಿಹೋಗಿ ಬಾಗಿಲು ತೆಗೆದು ನಿಲ್ಲುತ್ತಿದ್ದೆ.

ಕೆಳಗಿನ ಮನೆಯ ಮುನ್ನೀ ಬೀ ನಮ್ಮ ಮಾಲೀಕಳು. ಬಳೆ ಮಾರುವ ಹೆಂಗಸು, ಒಂಟಿ ಜೀವ. ಅವಳಿಗೆ ಎಲ್ಲ ಕೇಳುತ್ತಿತ್ತು. ಅವನು ಹೊರಟುಹೋದ ಮೇಲೆ ಅರಿಶಿನ ಬಿಸಿ ಮಾಡಿ ತಂದು ಹಚ್ಚುತ್ತಿದ್ದಳು. ಶಿಕ್ಷಕರ ನೇಮಕಾತಿಯ ಸುದ್ದಿ ಪೇಪರಿನಲ್ಲಿ ಬಂದದ್ದನ್ನು ತೋರಿಸಿದ್ದೂ ಅವಳೇ. ಬಳೆ ಕಟ್ಟಿಕೊಂಡು ಬಂದಿದ್ದ ಪೇಪರು ಅದು. ಸರ್ಕಾರಿ ಕೆಲಸ ಸಿಕ್ಕರೆ ಪೋಸ್ಟಿಂಗ್ ಎಲ್ಲಿಗೆ ಕೊಟ್ಟರೂ ಹೋಗಿಬಿಡಬಹುದು ಎಂದು ನನಗೆ ಅವತ್ತೇ ಹೊಳೆಯಿತು. ಇವನಿಂದ ದೂರ ಹೋಗಲು ನನಗೆ ಕಂಡ ದಾರಿ ಅದೊಂದೇ.

ಅರ್ಜಿ ಹಾಕಬೇಕಿದ್ದದ್ದು ಆನ್‌ಲೈನ್‌ನಲ್ಲಿ. ಬಸ್‌ಸ್ಟ್ಯಾಂಡಿನ ಹತ್ತಿರದ ಕಂಪ್ಯೂಟರ್ ಸೆಂಟರ್ ವಿನೋದನ ಗೆಳೆಯನದು, ಅಲ್ಲಿ ನಾನು ಕುರ್ಚಿಯಲ್ಲಿ ಕೂರುವ ಮೊದಲೇ ಅವನಿಗೆ ಸುದ್ದಿ ಹೋಗುತ್ತಿತ್ತು. ನನ್ನ ಹಳೆಯ ಲ್ಯಾಪ್‌ಟಾಪು ಜೋಳದ ಚೀಲದ ಹಿಂದೆ ಉಳಿದಿತ್ತು, ಆದರೆ ನೆಟ್ ಇಲ್ಲದೆ ಅದು ಬರೀ ಡಬ್ಬಿ. ಅದಕ್ಕೇ ನಿನಗೆ ಫೋನು ಮಾಡಿಸಿದ್ದು. ನೀನು ನಿಮ್ಮ ಅಣ್ಣ ಬುರ್ಹಾನುದ್ದೀನರ ಅಂಗಡಿಯಿಂದ ಡಾಟಾ ಕಾರ್ಡು ತೆಗೆದು, ರವಿಕೆಯ ಬಟ್ಟೆಯಲ್ಲಿ ಸುತ್ತಿ, ಮುನ್ನೀ ಬೀಯ ಹೆಸರಿಗೆ ಬಸ್ಸಿಗೆ ಹಾಕಿದೆ. ಅದು ಕೈಗೆ ಬಂದ ಮರುದಿನವೇ ಅರ್ಜಿಯ ಕಡೆಯ ದಿನ. ವಿನೋದ ನಮ್ಮ ತಾಲೂಕಿನ ಜಾಲಹಳ್ಳಿ ಕಡೆ ಕೊರೆಯಲು ಹೋಗಿದ್ದ.

ಅವತ್ತಿನ ಮಧ್ಯಾಹ್ನ ನಿನಗೆ ಗೊತ್ತು. ಮುನ್ನೀ ಬೀ ತನ್ನ ಫೋನನ್ನು ನನ್ನ ಕಿವಿಗೆ ಹಿಡಿದು ನಿಂತಿದ್ದಳು, ನೀನು ಆಚೆಯಿಂದ ಹೇಳುತ್ತಿದ್ದೆ. ಸಿಮ್ ತಿರುವಿ ಹಾಕಿದ್ದು ನಾನೇ. ಅದನ್ನು ಸರಿ ಮಾಡಿದ ಮೇಲೂ ದೀಪ ಕೆಂಪಗೇ ಮಿಣುಕುತ್ತಿತ್ತು. ಲ್ಯಾಪ್‌ಟಾಪು ಅದನ್ನು ಸಿಡಿ ಎಂದುಕೊಂಡು ತೆರೆಯಿತು, ಒಳಗಿನ ಪ್ರೋಗ್ರಾಮು ಹಾಕಿಕೊಳ್ಳಲು ಒದ್ದಾಡಿತು. ಕನೆಕ್ಟ್ ಒತ್ತಿದರೆ ಆಗಲಿಲ್ಲ ಅನ್ನುತ್ತಿತ್ತು. ಆಗ ನೀನು ಸೆಟ್ಟಿಂಗಿಗೆ ಹೋಗಿ ಕಂಪನಿಯ ನೆಟ್‌ವರ್ಕಿನ ಹೆಸರನ್ನು ಅಳಿಸಿ ಹೊಸದಾಗಿ ಬರೆ ಎಂದೆ, ಒಂದೊಂದೇ ಅಕ್ಷರ ಹೇಳಿದೆ. ದೀಪ ನೀಲಿಯಾಯಿತು. ಮುನ್ನೀ ಬೀ ನನ್ನ ಕೆನ್ನೆ ಹಿಂಡಿ ನಕ್ಕಳು. ಬಿಸಿಲಿಗೆ ನೆರಳು ಮಾಡಿಕೊಂಡು ಮಾಳಿಗೆಯ ಮೂಲೆಯಲ್ಲಿ ಕೂತು ಅರ್ಜಿ ತುಂಬತೊಡಗಿದೆ. ಅಷ್ಟು ಸಂತೋಷ ನನಗೆ ಆ ಮನೆಯಲ್ಲಿ ಎಂದೂ ಆಗಿರಲಿಲ್ಲ.

ಲಾರಿ ದಾರಿಯಲ್ಲೇ ಕೆಟ್ಟಿತ್ತಂತೆ. ಅವನು ಯಾರದೋ ಬೈಕಿನ ಹಿಂದೆ ಕೂತು ಬಂದಿದ್ದ, ಹಾಗಾಗಿ ಹಾರ್ನ್ ಕೇಳಲಿಲ್ಲ. ಮೆಟ್ಟಿಲು ಹತ್ತಿ ಬಂದವನು ನಿನ್ನ ದನಿ ಬರುತ್ತಿದ್ದ ಫೋನನ್ನೂ ನನ್ನ ತೊಡೆಯ ಮೇಲಿನ ಲ್ಯಾಪ್‌ಟಾಪನ್ನೂ ನೋಡಿದ. ಯಾರ ಜೊತಿ ಮಾತಾಡಾಕತ್ತೀಯಲೇ ಎಂದ. ಮೆಲ್ಲಗೇ ಕೇಳಿದ. ನಾನು ಉತ್ತರ ಕೊಡುವುದರೊಳಗೆ ಲ್ಯಾಪ್‌ಟಾಪನ್ನು ಎರಡೂ ಕೈಯಿಂದ ಎತ್ತಿ ನನ್ನ ತಲೆಯತ್ತ ಬೀಸಿದ. ಕೈ ಅಡ್ಡ ಇಟ್ಟೆ. ಮುಂಗೈ ಮುರಿದ ಸದ್ದು ನನಗೆ ಕೇಳಿಸಿತು, ಹಸಿ ಕಟ್ಟಿಗೆ ಮುರಿದ ಹಾಗೆ. ನೀನು ಕೇಳಿದ ಚೀರಾಟ ಅದೇ. ಎರಡನೆಯ ಏಟಿಗೆ ಪರದೆ ಚೂರಾಗಿ ನನ್ನ ಕುತ್ತಿಗೆಗೆ ಚುಚ್ಚಿಕೊಂಡಿತು. ಮುನ್ನೀ ಬೀ ಅವನ ಅಂಗಿ ಹಿಡಿದು ಜಗ್ಗಿ, ಹೆಣ್ಮಗಳನ್ನ ಕೊಲ್ತೀಯೇನೋ ಪಾಪಿ, ಬಿಡು ಆಕೀನ ಅಂದಳು. ಅವನು ಮೊಣಕೈಯಿಂದ ಅವಳ ಎದೆಗೆ ಗುದ್ದಿದ. ಅವಳು ಫೋನಿನ ಸಮೇತ ಮೆಟ್ಟಿಲ ಮೇಲೆ ಉರುಳಿದಳು.

ಲ್ಯಾಪ್‌ಟಾಪು ನನ್ನ ಪಕ್ಕದಲ್ಲೇ ಬಿದ್ದಿತ್ತು. ಡಾಟಾ ಕಾರ್ಡು ಇನ್ನೂ ಅದಕ್ಕೆ ಸಿಕ್ಕಿಕೊಂಡಿತ್ತು. ನಾನು ಅದನ್ನು ಕಿತ್ತು ಮುಷ್ಟಿಯಲ್ಲಿ ಹಿಡಿದೆ. ಅವನು ಬಗ್ಗಿ ನನ್ನ ಜಡೆ ಹಿಡಿಯಲು ಬಂದಾಗ ಅವನ ಕೈಯನ್ನು ಕಚ್ಚಿದೆ, ಬಾಯಿಗೆ ರಕ್ತ ಬರುವವರೆಗೆ ಕಚ್ಚಿದೆ. ಕೈ ಬಿಟ್ಟ. ಇಳಿದು ಓಡಿದೆ. ಮುನ್ನೀ ಬೀ ಕೆಳಗಿನ ಮೆಟ್ಟಿಲಿಗೆ ಒರಗಿ ಕೂತಿದ್ದಳು, ಏಳಲು ಆಗುತ್ತಿರಲಿಲ್ಲ. ನನ್ನನ್ನು ನಿಲ್ಲಗೊಡಲಿಲ್ಲ. ಕಲೀಮನ ಅಂಗಡಿಗಿ ಹೋಗು, ನನ್ನ ನೋಡಬ್ಯಾಡ, ಓಡು ಎಂದು ಕೂಗಿದಳು.

ಕಲೀಮುಲ್ಲಾ ಅವಳ ತಂಗಿಯ ಮಗ. ಸಂತೆಯ ರಸ್ತೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದಾನೆ. ಅರ್ಜಿಗೆ ಬೇಕಾದ ನನ್ನ ಫೋಟೋ, ಸಹಿ ಎರಡನ್ನೂ ಹಿಂದಿನ ದಿನ ಸಣ್ಣದು ಮಾಡಿಕೊಟ್ಟವನು ಅವನೇ. ಅವನ ಲ್ಯಾಪ್‌ಟಾಪಿನಲ್ಲಿ ಅವು ಹಾಗೇ ಇದ್ದವು, ನೆಟ್ ಮಾತ್ರ ಇರಲಿಲ್ಲ. ಬರಿಗಾಲಿನಲ್ಲಿ, ಕುತ್ತಿಗೆಯಿಂದ ರಕ್ತ ಸುರಿಯುತ್ತ ಹೋದವಳನ್ನು ನೋಡಿ ಆಸ್ಪತ್ರಿಗೆ ನಡೀರಿ ಅಕ್ಕಾ ಎಂದ. ನಾನು ಮುಷ್ಟಿ ಬಿಚ್ಚಿ ಡಾಟಾ ಕಾರ್ಡು ತೋರಿಸಿದೆ. ಮುನ್ನೀ ಬೀ ಬಿದ್ದಿದ್ದನ್ನೂ ಹೇಳಿದೆ. ಅವನು ಪಕ್ಕದ ಟೈಲರ್ ಇನಾಯತನನ್ನು ಅವಳ ಹತ್ತಿರ ಓಡಿಸಿ, ಲ್ಯಾಪ್‌ಟಾಪನ್ನು ನನ್ನ ಮುಂದೆ ಎಳೆದಿಟ್ಟ.

ಮತ್ತೆ ಮೊದಲಿನಿಂದ, ನೌಶೀನ್. ಮತ್ತೆ ಸಿಡಿಯೆಂದು ತೆರೆಯಿತು, ಮತ್ತೆ ಪ್ರೋಗ್ರಾಮು ಹಾಕಿಕೊಳ್ಳಲು ಒದ್ದಾಡಿತು, ಮತ್ತೆ ಕೆಂಪು ದೀಪ. ಈ ಸಲ ಕಿವಿಯಲ್ಲಿ ನಿನ್ನ ದನಿ ಇರಲಿಲ್ಲ. ಆದರೆ ನೀನು ಹೇಳಿದ ಆ ಅಕ್ಷರಗಳು ನನಗೆ ಬಾಯಿಪಾಠವಾಗಿದ್ದವು. ಒಂದು ಬೆರಳಿನಿಂದ ಒತ್ತಿದೆ. ಕೀಲಿಗಳೆಲ್ಲ ರಕ್ತವಾದವು. ನೀಲಿ ದೀಪ ಬಂತು. ಮೊದಲು ತುಂಬಿದ್ದೆಲ್ಲ ಅಳಿಸದೆ ಉಳಿದಿತ್ತು, ಫೋಟೋ ಮತ್ತು ಸಹಿ ಏರಿಸುವುದು ಮಾತ್ರ ಬಾಕಿ. ಫೋಟೋ ಹಚ್ಚಿದೆ. ಪರದೆಯ ಮೇಲಿನ ಗೆರೆ ಇರುವೆಯ ಹಾಗೆ ತೆವಳತೊಡಗಿತು.

ಆಗ ಅವನು ಬಂದ. ಕೈಯಲ್ಲಿ ಲಾರಿಯ ಪೈಪು ಬಿಚ್ಚುವ ದೊಡ್ಡ ಪಾನಾ. ಹೊರಗ ಬಾ, ಇಲ್ಲಂದ್ರ ಇಬ್ಬರನ್ನೂ ಇಲ್ಲೇ ಕಡೀತೀನಿ ಎಂದು ರಸ್ತೆಯಿಂದಲೇ ಒದರಿದ. ಕಲೀಮುಲ್ಲಾ ಎದ್ದು ಹೋಗಿ ಶಟರ್ ಎಳೆಯತೊಡಗಿದ. ಅದು ಅರ್ಧ ಇಳಿಯುವಷ್ಟರಲ್ಲಿ ಪಾನಾ ಅವನ ಹಣೆಗೆ ಬಿತ್ತು. ಅವನು ಒಳಕ್ಕೆ ಕುಸಿದ. ಷೋಕೇಸಿನ ಗಾಜು ಒಡೆಯಿತು, ಅದರೊಳಗಿನ ಮದುವೆಯ ಫೋಟೋಗಳೆಲ್ಲ ನೆಲಕ್ಕೆ ಬಿದ್ದವು. ವಿನೋದ ಬಗ್ಗಿ ಒಳಗೆ ಬರಲು ಶಟರಿನ ಕೆಳಗೆ ಬಲಗೈ ತೂರಿಸಿದ. ಅಷ್ಟರಲ್ಲಿ ಶಟರಿನ ಸ್ಪ್ರಿಂಗ್ ಕಿತ್ತು ಅದು ಧಡಾರನೆ ಅವನ ಕೈಮೇಲೆ ಬಿತ್ತು. ಕಲೀಮುಲ್ಲಾ ಎದ್ದು ಎತ್ತಲು ನೋಡಿದ. ಕಣ್ಣಿಗೆ ರಕ್ತ ಇಳಿಯುತ್ತಿತ್ತು, ಶಟರ್ ಬೇರೆ ಸಿಕ್ಕಿಕೊಂಡಿತ್ತು, ಅದಕ್ಕೆ ತಡವಾಯಿತು. ನಾನು ಲ್ಯಾಪ್‌ಟಾಪಿನ ಮುಂದಿನಿಂದ ಏಳಲಿಲ್ಲ. ಅರ್ಜಿ ಹೋಯಿತು. ಆಮೇಲೆ ಶಟರ್ ಎತ್ತಿದರು, ಅಷ್ಟರಲ್ಲಿ ಜನ ಸೇರಿದ್ದರು, ಪೊಲೀಸರೂ ಬಂದರು.

ವಿನೋದನನ್ನು ರಾಯಚೂರಿನ ಆಸ್ಪತ್ರೆಗೆ ಸಾಗಿಸಿದರು. ಎರಡು ಬೆರಳು ತೆಗೆದಿದ್ದಾರೆ, ಉಳಿದವು ಮಡಚುವುದಿಲ್ಲವಂತೆ. ಅವನ ಮೇಲೆ ಕೇಸಾಗಿದೆ. ಆಸ್ಪತ್ರೆಯಿಂದ ಬಿಟ್ಟ ಕೂಡಲೇ ಹಿಡಿದುಕೊಂಡು ಹೋಗುತ್ತಾರೆ ಎಂದು ದಫೇದಾರರು ಹೇಳಿದರು. ಕಲೀಮುಲ್ಲಾನ ಹಣೆಗೆ ಹೊಲಿಗೆ ಹಾಕಿದ್ದಾರೆ. ಮುನ್ನೀ ಬೀಯ ಸೊಂಟದ ಎಲುಬು ಬಿರುಕು ಬಿಟ್ಟಿದೆ. ನಾನು ನೋಡಲು ಹೋದರೆ, ಕೂತಲ್ಲೇ ಬಳಿ ಮಾರ್ತೀನಿ, ಗಿರಾಕಿನೇ ನನ್ನ ಕಡೆ ಬರ್ತಾರ ಬಿಡು ಎಂದು ನನ್ನನ್ನೇ ಸಮಾಧಾನ ಮಾಡಿದಳು. ಅವಳ ಕಾಲು ಹಿಡಿದು ಅತ್ತುಬಿಟ್ಟೆ.

ನನ್ನ ಅವ್ವ ಗೋಪಮ್ಮ ಹೇಗೆಂದು ನಿನಗೆ ಗೊತ್ತೇ ಇದೆ. ಮೊದಲ ದಿನ ಎದೆ ಬಡಿದುಕೊಂಡು ಅತ್ತಳು. ಎರಡನೆಯ ದಿನ ವಿನೋದನ ಕಡೆಯವರು ರಾಜಿಗೆ ಬಂದರು. ನಾಲ್ಕು ಜನ ಗಂಡಸರು, ಹೊರಸಿನ ಮೇಲೆ ಕೂತು, ಕೈ ಹೋದ ಗಂಡನನ್ನು ಬಿಟ್ಟರೆ ಜನ ಏನಂದಾರು ಎಂದರು. ಅವ್ವ ಅಂಗಳ ಗುಡಿಸುತ್ತಿದ್ದ ಬಾರಿಗೆ ಹಿಡಿದೇ ಬಂದು, ಏಳ್ರಿ, ಹೊರಸು ಝಾಡಿಸಬೇಕು ಎಂದಳು. ಅವರು ಎದ್ದು ಹೋದರು. ಆ ಮೇಲೆ ನನ್ನ ತಲೆಗೆ ಎಣ್ಣೆ ಹಚ್ಚಿ, ಪರೀಕ್ಷಿಗಿ ಓದು ಎಂದಳು.

ಈಗ ಓದುತ್ತಿದ್ದೇನೆ. ನಿನ್ನ ಹತ್ತಿರ ಮನಃಶಾಸ್ತ್ರದ ನೋಟ್ಸು ಇದ್ದರೆ ಕಳಿಸು. ನನ್ನವೆಲ್ಲ ದೇವದುರ್ಗದ ಮನೆಯಲ್ಲೇ ಉಳಿದವು, ಅಲ್ಲಿಗೆ ಮತ್ತೆ ಕಾಲಿಡುವವಳಲ್ಲ ನಾನು. ಡಾಟಾ ಕಾರ್ಡು ಈ ಕವರಿನೊಳಗೇ ಇದೆ. ಒರೆಸಿದ್ದೇನೆ, ಆದರೂ ಮುಚ್ಚಳದ ಸಂದಿಯಲ್ಲಿ ಕಪ್ಪಗೆ ಉಳಿದಿದೆ. ಬುರ್ಹಾನುದ್ದೀನ್ ಅಣ್ಣನಿಗೆ ಗಾಬರಿಯಾಗದಂತೆ ಹೇಳಿ ಕೊಡು. ಬಿಡುವಾದಾಗ ಮಾನ್ವಿಯ ಬಸ್ಸು ಹತ್ತಿ ಬಾ. ಅವ್ವ ನಿನಗೆ ಕಡಬು ಮಾಡುತ್ತಾಳಂತೆ.

ಇಂತಿ ನಿನ್ನ,
ನಾಗವೇಣಿ

ಮರೆತ ಮಾತು: ಮೇಲೆ ಶಟರಿನ ಬಗ್ಗೆ ಬರೆದದ್ದು ನಾನು, ಕಲೀಮುಲ್ಲಾ ಇಬ್ಬರೂ ಠಾಣೆಯಲ್ಲಿ ಹೇಳಿದ ಮಾತು. ಹಾಗೇ ಬಿಟ್ಟು ಕವರು ಅಂಟಿಸೋಣವೆಂದಿದ್ದೆ, ನಿನ್ನ ಹತ್ತಿರ ಆಗಲಿಲ್ಲ. ಸ್ಪ್ರಿಂಗ್ ಕಿತ್ತಿರಲಿಲ್ಲ. ವಿನೋದನ ಕೈ ಒಳಗೆ ಬಂದದ್ದನ್ನು ನೋಡಿ ನಾನು ಹಾರಿ ಶಟರನ್ನು ಜಗ್ಗಿ ಕೆಳಗಿಳಿಸಿ, ಅದರ ಹಿಡಿಯ ಮೇಲೆ ಎರಡೂ ಕಾಲಿಟ್ಟು ನಿಂತೆ. ಲ್ಯಾಪ್‌ಟಾಪಿನ ಮುಂದೆ ಹೋಗಿ ಕೂತವನು ಕಲೀಮುಲ್ಲಾ. ನಾಗೀ, ನಿನ್ನ ಕಾಲಿಗಿ ಬೀಳ್ತೀನಿ, ಕೈ ಬಿಡಿಸು ಎಂದು ವಿನೋದ ಹೊರಗೆ ಮಗುವಿನಂತೆ ಅಳುತ್ತಿದ್ದ. ಫೋಟೋ ಏರಿತ್ತು, ಸಹಿ ಇನ್ನೂ ಏರುತ್ತಿತ್ತು. ಕಲೀಮುಲ್ಲಾ ಒಮ್ಮೆ ತಿರುಗಿ ನನ್ನ ಕಾಲುಗಳನ್ನು ನೋಡಿದ, ಮತ್ತೆ ಪರದೆಯತ್ತ ತಿರುಗಿದ. ಹೋತು ಅಕ್ಕಾ, ಅರ್ಜಿ ಹೋತು ಎಂದು ಅವನು ಹೇಳಿದ ಮೇಲೆಯೇ ನಾನು ಕೆಳಗಿಳಿದದ್ದು.