ಒಳಗೆ ಬಿಟ್ಟ ಎರಡಿಂಚು

ಮಂಗಳವಾರ, ಹದಿನಾಲ್ಕನೇ ತಾರೀಖು
ಮಗಳ ಅಂಗಡಿ, ಇಸ್ತ್ರಿ ಮೇಜಿನ ಪಕ್ಕ

ಪ್ರೀತಿಯ ಮೆಣಸಿನಕಾಯಿಗೆ,

ನಿನ್ನ ಅಣ್ಣನ ಆಶೀರ್ವಾದ. ಹೇಗಿದ್ದೀಯ ತಂಗೀ? ಭಾವನ ಮಂಡಿನೋವು ಹೇಗಿದೆ, ಮೆಟ್ಟಿಲು ಹತ್ತುವಾಗ ಇನ್ನೂ ಬೀದಿಗೆಲ್ಲ ಕೇಳುವ ಹಾಗೆ ನರಳುತ್ತಾರೆಯೆ? ಎದುರುಮನೆ ಟೀಚರಿಗೆ ನನ್ನ ನಮಸ್ಕಾರ ಹೇಳು. ಅವರ ಮೇಲೆ ನನ್ನದೊಂದು ದೂರಿದೆ, ಆಮೇಲೆ ಬರೆಯುತ್ತೇನೆ. ಫೋನಿನಲ್ಲಿ ನಿನ್ನ ಆರೋಗ್ಯ ಕೇಳಿದರೆ "ನಂಗೇನಾಗಿದೆ, ಗುಂಡುಕಲ್ಲಿನ ಹಾಗಿದೀನಿ" ಎಂದು ಫೋನನ್ನು ಭಾವನ ಕೈಗೆ ದಾಟಿಸಿಬಿಡುತ್ತೀಯ. ಕಾಗದವನ್ನು ಹಾಗೆ ದಾಟಿಸಲು ಬರುವುದಿಲ್ಲ, ಓದಲೇಬೇಕು. ಅದಕ್ಕೇ ಬರೆಯಲು ಕೂತಿದ್ದೇನೆ.

ಮೊದಲು ನಿನ್ನ ಆಸ್ತಿಯ ಸಮಾಚಾರ. ಹನ್ನೊಂದು ವರ್ಷದ ಹಿಂದೆ ನಿನ್ನ ಒಂದು ಕಿಡ್ನಿಯನ್ನು ನನಗೆ ಕೊಟ್ಟು, ಪಕ್ಕದ ಮಂಚದಲ್ಲಿ ಮಲಗಿಕೊಂಡೇ "ಬಾಡಿಗೆ ಬೇಡ ಕಣಣ್ಣ, ಮನೆ ಚೊಕ್ಕಟವಾಗಿಟ್ಕೋ, ಸಾಕು" ಅಂದಿದ್ದೆಯಲ್ಲ, ಆ ನಿನ್ನ ಮನೆ ಈಗ ಕ್ಷೇಮ. ಈಗ ಎಂದು ಯಾಕೆ ಬರೆದೆ ಎಂದರೆ ನಡುವೆ ಒಂದಿಷ್ಟು ದಿನ ಕ್ಷೇಮವಿರಲಿಲ್ಲ. ತಪ್ಪು ನನ್ನದು. ಬೈಯುವುದನ್ನು ಕೊನೆಗಿಟ್ಟುಕೋ, ಪೂರ್ತಿ ಓದು.

ನಿನ್ನ ಅತ್ತಿಗೆ ಹೋದ ಮೇಲೆ ಒಬ್ಬನೇ ಯಾಕಿರುತ್ತೀಯ ಎಂದು ಮಗಳು ನನ್ನನ್ನು ಈ ಪರದೇಶಕ್ಕೆ ಕರೆತಂದಾಗ ಕಿಡ್ನಿಗೆಂದು ಮೂರು ತಿಂಗಳ ಮಾತ್ರೆ ತಂದಿದ್ದೆ. ಅಷ್ಟರೊಳಗೆ ಒಬ್ಬ ಡಾಕ್ಟರು ಸಿಗುವುದಿಲ್ಲವೇ ಎಂಬ ಧೈರ್ಯ. ಇಲ್ಲಿಯ ಕ್ರಮವೇ ಬೇರೆ ಕಣಮ್ಮ. ಮೊದಲು ನಮ್ಮ ಬೀದಿಗೆಂದು ಇರುವ ಡಾಕ್ಟರ ಹತ್ತಿರ ಹೆಸರು ಬರೆಸಬೇಕು. ಅವರು ದೊಡ್ಡಾಸ್ಪತ್ರೆಗೆ ಕಾಗದ ಬರೆಯಬೇಕು. ದೊಡ್ಡಾಸ್ಪತ್ರೆಯವರು ತಮಗೆ ಬಿಡುವಾದ ದಿನವನ್ನು ಟಪಾಲಿನಲ್ಲಿ ತಿಳಿಸಬೇಕು. ಹೆಸರು ಬರೆಸಲು ಹೋದರೆ ಗಾಜಿನ ಕಿಟಕಿಯ ಹಿಂದೆ ಕೂತ ಹೆಂಗಸು, ಈ ವಿಳಾಸದಲ್ಲಿ ನೀವಿದ್ದೀರಿ ಎನ್ನುವುದಕ್ಕೆ ಪುರಾವೆ ಕೊಡಿ, ಕರೆಂಟ್ ಬಿಲ್ಲು ಕೊಡಿ ಎಂದಳು. ಬಿಲ್ಲೆಲ್ಲ ಅಳಿಯನ ಹೆಸರಿನಲ್ಲಿ. ಎದುರಿಗೆ ಇಷ್ಟೆತ್ತರ ನಿಂತಿದ್ದೇನೆ, ನಾನಿರುವುದಕ್ಕೆ ಬೇರೆ ಪುರಾವೆ! ಮಗಳು ನಾಲ್ಕು ಸಲ ಅಂಗಡಿ ಬಾಗಿಲು ಹಾಕಿ ಜೊತೆಗೆ ಅಲೆದಳು. ಹನ್ನೊಂದು ವರ್ಷದ ನನ್ನ ಫೈಲನ್ನು, ನೀನು ನಿನ್ನ ಹಳೆಯ ಸೀರೆಯಂಚಿನಿಂದ ಕಟ್ಟಿಕೊಟ್ಟದ್ದನ್ನು, ಅವರು ಬಿಚ್ಚಿಯೂ ನೋಡಲಿಲ್ಲ. ಹೊಸ ನಮೂನೆ ತುಂಬಿ ಎಂದರು. ಆ ಗಂಟನ್ನು ಮಾತ್ರ ನಾನು ಹಾಗೇ ಉಳಿಸಿಕೊಂಡಿದ್ದೇನೆ.

ಬೀದಿಯ ಡಾಕ್ಟರು ಒಳ್ಳೆಯವರೇ. ಆದರೆ ಈ ಮಾತ್ರೆಗಳನ್ನು ತಾವು ಬರೆಯುವಂತಿಲ್ಲ, ದೊಡ್ಡಾಸ್ಪತ್ರೆಯವರೇ ಬರೆಯಬೇಕು ಎಂದು ಕೈಚೆಲ್ಲಿದರು. ಟಪಾಲು ಬಂದಾಗ ನೋಡಿದರೆ ತಾರೀಖು ಆರು ವಾರದಾಚೆ. ಡಬ್ಬಿಯಲ್ಲಿದ್ದ ಮಾತ್ರೆ ಮೂರು ವಾರಕ್ಕೆ. ಮಗಳಿಗೆ ಹೇಳಬೇಕಿತ್ತು. ಅವಳೋ ಮದುವೆ ಬಟ್ಟೆಗಳ ನಡುವೆ, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಊಟಕ್ಕೆ ಕೂರುವಷ್ಟು ಅವಸರದಲ್ಲಿದ್ದಳು. ಮತ್ತೆ ಅಂಗಡಿ ಮುಚ್ಚಿಸುವುದು ಬೇಡ ಎನಿಸಿತು. ನಾನು ಏನು ಮಾಡಿದೆ ಗೊತ್ತೆ? ಬಟ್ಟೆ ಸಾಲದಿದ್ದರೆ ಟೈಲರ್ ಏನು ಮಾಡುತ್ತಾನೋ ಅದನ್ನೇ ಮಾಡಿದೆ. ನೂಲು ಕತ್ತರಿಸುವ ಪುಟ್ಟ ಕತ್ತರಿಯಿಂದ ಒಂದೊಂದೇ ಮಾತ್ರೆಯನ್ನು ಎರಡು ಮಾಡಿ, ಮೂರು ವಾರದ್ದನ್ನು ಆರು ವಾರಕ್ಕೆ ಎಳೆದೆ. ನಲವತ್ತು ವರ್ಷ ಸಾಲದ ಬಟ್ಟೆಯಲ್ಲಿ ತೋಳು ಹೊಂದಿಸಿದವನಿಗೆ ಅದೊಂದು ಜಾಣತನವೆಂದೇ ತೋರಿತು.

ದೊಡ್ಡಾಸ್ಪತ್ರೆಗೆ ಒಬ್ಬನೇ ಹೋದೆ. ಹೇಳಬೇಕಾದ್ದನ್ನೆಲ್ಲ ಮಗಳು ಚೀಟಿಯಲ್ಲಿ ಬರೆದುಕೊಟ್ಟಿದ್ದಳು, ಉಳಿದದ್ದಕ್ಕೆ ನನ್ನ ಹರಕುಮುರುಕು ಭಾಷೆ. ಡಾಕ್ಟರು ವಯಸ್ಸಿನಲ್ಲಿ ನನ್ನ ಮಗಳಷ್ಟೇ. ಕೋಟಿನ ಮೂರನೇ ಗುಂಡಿ ಒಂದೇ ಎಳೆಯಲ್ಲಿ ನೇತಾಡುತ್ತಿತ್ತು. ನನ್ನ ಜೀವವೆಲ್ಲ ಆ ಗುಂಡಿಯಲ್ಲಿ. ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದೀರಾ ಎಂದು ಕೇಳಿದರು. ಹೌದು ಎಂದೆ. ಅಂದವನು ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗಿದೆ. ಊರಲ್ಲಾದರೆ ನಮ್ಮ ದಪ್ಪ ಕನ್ನಡಕದ ಡಾಕ್ಟರು ನನ್ನನ್ನು ಬಾಗಿಲಲ್ಲೇ ನೋಡಿ "ಏನ್ರೀ ಟೈಲರ್, ಮುಖ ಊದಿದೆ, ಉಪ್ಪು ಜಾಸ್ತಿ ತಿಂದ್ರಾ?" ಎನ್ನುವರು. ನಾನು ಇಲ್ಲ ಎನ್ನುವಷ್ಟರಲ್ಲಿ ಪಕ್ಕದ ಕುರ್ಚಿಯಿಂದ ನೀನು "ತಿಂದಿದಾನೆ ಡಾಕ್ಟ್ರೇ, ನಾನೇ ಕಣ್ಣಾರೆ ನೋಡಿದೀನಿ" ಎಂದು ಚಾಡಿ ಹೇಳುವೆ. ನಿನ್ನ ಮೇಲೆ ಎಷ್ಟು ಸಿಟ್ಟು ಬರುತ್ತಿತ್ತು! ಇಲ್ಲಿ ಪಕ್ಕದ ಕುರ್ಚಿಯ ಮೇಲೆ ನನ್ನ ಕೊಡೆ ಇತ್ತು, ಅಷ್ಟೇ. ಕೊಡೆಗೆ ಚಾಡಿ ಹೇಳಲು ಬರುವುದಿಲ್ಲ. ಕೊನೆಗೆ ನನ್ನ ಮೇಲೆ ನಾನೇ ಚಾಡಿ ಹೇಳಿಕೊಂಡೆ. ಪದ ತಿಳಿಯದೆ ಎರಡು ಬೆರಳನ್ನು ಕತ್ತರಿ ಮಾಡಿ, ಒಂದು ಮಾತ್ರೆಯನ್ನು ಕತ್ತರಿಸಿ ತೋರಿಸಿದೆ.

ಆಕೆ ಬೈಯಲಿಲ್ಲ. ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು, ಅದಕ್ಕಿಂತ ನಿನ್ನ ಬೈಗುಳವೇ ವಾಸಿ. ಅಂದೇ ರಕ್ತ ತೆಗೆಸಿದರು. ಕಿಡ್ನಿ ಸೋತರೆ ಏರುವ ಆ ಕ್ರಿಯಾಟಿನಿನ್ ಅಂಕಿ ಮೇಲೆ ಹೋಗಿತ್ತು. ಇನ್ನೊಂದಿಷ್ಟು ದಿನ ಹೀಗೇ ನಡೆದಿದ್ದರೆ ಕಿಡ್ನಿ ಕೈಬಿಡುತ್ತಿತ್ತು ಎಂದರು. ಪೂರ್ತಿ ಮಾತ್ರೆ ಶುರುವಾಗಿ ಮೂರು ವಾರವಾಯಿತು, ನಿನ್ನೆಯ ಅಂಕಿ ಹಳೆಯ ಜಾಗಕ್ಕೆ ಇಳಿದಿದೆ. ಮಗಳಿಗೂ ಹೇಳಿದ್ದೇನೆ. ಆ ಪುಟ್ಟ ಕತ್ತರಿಯನ್ನು ಅವಳು ಬೀಗ ಹಾಕಿ ಇಟ್ಟಿದ್ದಾಳೆ. ನೀನು ಕೊಟ್ಟದ್ದನ್ನು ನಾನು ಜೋಪಾನ ಮಾಡಲಿಲ್ಲ, ಕ್ಷಮಿಸು ತಂಗೀ.

ನಿನ್ನೆ ಹೊರಡುವಾಗ ಆಕೆ ಇನ್ನೊಂದು ಮಾತು ಕೇಳಿದರು. ಇದು ಯಾರು ಕೊಟ್ಟದ್ದು? ನನ್ನ ತಂಗಿ ಎಂದೆ, ಎದೆಯುಬ್ಬಿಸಿಕೊಂಡು. ಅವರು ಹೇಗಿದ್ದಾರೆ? ಚೆನ್ನಾಗಿದ್ದಾಳೆ, ಗುಂಡುಕಲ್ಲು ಎಂದೆ. ವರ್ಷವರ್ಷ ಅವರ ಪರೀಕ್ಷೆಯೂ ಆಗುತ್ತಿದೆಯಲ್ಲ? ಆಗುತ್ತಿರಬೇಕು ಎಂದು ಕೊಡೆ ಎತ್ತಿಕೊಂಡೆ. ಬಸ್ಸಿನಲ್ಲಿ ಕೂತು ನೆನಪು ಮಾಡಿಕೊಂಡೆ. ಮೊದಲ ವರ್ಷ ಬಿಟ್ಟರೆ ನಿನಗೆ ಸೂಜಿ ಚುಚ್ಚಿದ್ದನ್ನೇ ನಾನು ನೋಡಿಲ್ಲ. ತಿಂಗಳು ತಿಂಗಳು ಆಸ್ಪತ್ರೆಗೆ ಇಬ್ಬರೂ ಹೋದೆವು. ತೋಳು ಮಡಚಿದವನು ಯಾವಾಗಲೂ ನಾನೇ, ನೀನು ಯಾವಾಗಲೂ ಪಕ್ಕದ ಕುರ್ಚಿ. ಒಂದು ದಿನ ಬಿಡುವು ಮಾಡಿಕೊಂಡು ನೀನೂ ತೋರಿಸಿಕೊಂಡು ಬಾ, ಆಯಿತಾ?

ಇನ್ನು ಟೀಚರ ಮೇಲಿನ ದೂರು. ನೀನು ಕಳಿಸಿದ ನಾಲ್ಕು ರವಿಕೆ ಬಟ್ಟೆಯ ಜೊತೆಗಿದ್ದ ಅಳತೆ ಚೀಟಿ ಅವರು ಬರೆದದ್ದಂತೆ. ಅವರ ಅಕ್ಷರ ಮುತ್ತು, ಅಳತೆ ಮಾತ್ರ ಮಕ್ಕಳಾಟ. ಎದೆ, ಸೊಂಟ ಎರಡೆರಡು ಇಂಚು ಕಡಿಮೆ ಬರೆದಿದ್ದಾರೆ. ನಿನ್ನ ಅಳತೆ ನನಗೆ ಬಾಯಿಪಾಠ, ಆ ಚೀಟಿಯನ್ನು ಪಕ್ಕಕ್ಕಿಟ್ಟು ಹಳೆಯ ಅಳತೆಗೇ ಹೊಲಿದಿದ್ದೇನೆ. ಗುರುವಾರ ಪಾರ್ಸಲ್ ಹೊರಡುತ್ತದೆ.

ಭಾವನಿಗೆ ನಮಸ್ಕಾರ, ಮನೆಮಂದಿಯನ್ನೆಲ್ಲ ಕೇಳಿದೆನೆಂದು ಹೇಳು. ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ ಬಾಡಿಗೆದಾರ,
ಅಣ್ಣ

ಮರೆತ ಮಾತು: ಗುರುವಾರ ಬೆಳಿಗ್ಗೆ. ಪಾರ್ಸಲ್ ಕಟ್ಟಲು ಕೂತವನು ಆ ಚೀಟಿಯನ್ನು ಮತ್ತೆ ನೋಡಿದೆ. ಟೀಚರಿಗೆ ಟೇಪು ಹಿಡಿಯಲು ಬಾರದಿದ್ದರೆ ಎಲ್ಲ ಅಳತೆಯೂ ತಪ್ಪಬೇಕಿತ್ತು. ಭುಜ ಸರಿಯಿದೆ, ಬೆನ್ನಿನ ಉದ್ದ ಸರಿಯಿದೆ, ತೋಳಿನ ಉದ್ದ ಸರಿಯಿದೆ. ಸುತ್ತಳತೆ ಮಾತ್ರ ಎಲ್ಲ ಕಡೆ ಇಳಿದಿದೆ. ಟೀಚರಿಗೆ ನನ್ನ ಕ್ಷಮೆ ಹೇಳು, ಅವರ ಅಳತೆ ಸರಿ. ಯಾವಾಗಿಂದ ಇಳಿಯುತ್ತಿದ್ದೀಯ, ಯಾಕೆ ಹೇಳಲಿಲ್ಲ? ಬಿಡುವು ಮಾಡಿಕೊಂಡು ಅಂದದ್ದನ್ನು ಹೊಡೆದುಹಾಕು. ಕಾಗದ ಕೈಸೇರಿದ ದಿನವೇ ದಪ್ಪ ಕನ್ನಡಕದವರ ಹತ್ತಿರ ಹೋಗು, ರಕ್ತ ಕೊಡು, ರಿಪೋರ್ಟನ್ನು ಮಗಳ ಫೋನಿಗೆ ಕಳಿಸು. ಭಾವನನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸು, ನೀನು ಡಾಕ್ಟರ ಎದುರಿನದರಲ್ಲಿ ಕೂತ್ಕೋ. ನಾಲ್ಕೂ ರವಿಕೆ ಬಿಚ್ಚಿ ಚೀಟಿಯ ಅಳತೆಗೇ ಹೊಲಿದೆ, ಆದರೆ ಬಟ್ಟೆ ಕತ್ತರಿಸಿಲ್ಲ. ಎರಡಿಂಚನ್ನೂ ಒಳಗೆ ಮಡಚಿಟ್ಟಿದ್ದೇನೆ. ನೀನು ತುಂಬಿಕೊಂಡ ಮೇಲೆ ಬೇರೆ ಟೈಲರ ಕೈಗೆ ಕೊಡಬೇಡ, ಆ ಹೊಲಿಗೆ ಬಿಚ್ಚಲು ನಾನೇ ಬರುತ್ತೇನೆ.